ಹರಗೋಲಿನಂಥ ಬೀಗತಿ

ಹತ್ತಿಯ ಹೊಲ ನಗುತ್ತದೆಯೇ? ಈ ಪ್ರಶ್ನೆ ನನ್ನದಲ್ಲ, ನನ್ನ ಅತ್ತೆಯದು. ನಾನಾಗಿದ್ದರೆ ಇಂಥ ಪ್ರಶ್ನೆ ಕೇಳುತ್ತಿರಲಿಲ್ಲ. ಹಾಡಿನಲ್ಲಿ ಯಾರು ಏನು ಅಂದರೂ ತಲೆಯಾಡಿಸಿ ಒಪ್ಪಿಕೊಳ್ಳುವ ಜಾತಿ ನನ್ನದು.

ಶಹಾಪುರದ ನಮ್ಮ ಮನೆಯ ಮುಂದಿನ ಖೋಲಿಯೇ ನಮ್ಮವರ, ಅಂದರೆ ನನ್ನ ಗಂಡನ, ಅಂಗಡಿ. ಟ್ರ್ಯಾಕ್ಟರುಗಳಿಗೆ ಬ್ಯಾಟರಿ ಮಾರುತ್ತಾರೆ. ಅದಕ್ಕಿಂತ ಹೆಚ್ಚಾಗಿ ಟ್ರ್ಯಾಕ್ಟರುಗಳಿಗೆ ಟೇಪು, ಸ್ಪೀಕರ್ ಬಾಕ್ಸು ಕೂರಿಸಿ ಕೊಡುತ್ತಾರೆ. ನೇಗಿಲು ಸರಿಯಿಲ್ಲದ ಟ್ರ್ಯಾಕ್ಟರುಗಳನ್ನು ನಾನು ನೋಡಿದ್ದೇನೆ, ಬಾಕ್ಸಿಲ್ಲದ ಟ್ರ್ಯಾಕ್ಟರನ್ನು ನಮ್ಮ ಕಡೆ ನೋಡಿಲ್ಲ. ಬಾಕ್ಸು ಕೂರಿಸಿದ ಮೇಲೆ ಬಾರಿಸಿ ನೋಡಬೇಕಲ್ಲ? ಅದಕ್ಕೆಂದು ಅವರು ಒಂದು ಹಾಡು ಇಟ್ಟುಕೊಂಡಿದ್ದಾರೆ. ಈ ವರ್ಷ ಓಡುತ್ತಿರುವ ಹಾಡು ಅದು. ಹುಡುಗಿ ಬಿಟ್ಟುಹೋದ ಹುಡುಗನೊಬ್ಬ ಕೊರಳ ನರ ಉಬ್ಬಿಸಿ ಕೇಳುತ್ತಾನೆ:

ಹತ್ತಿ ಹೊಲದಂಗ ನಗತಿದ್ದೆಲ್ಲ ಗೆಳತಿ
ಹಸಿಮೆಣಸಿನಕಾಯಂಗ ಈಗ್ಯಾಕ ಉರಿತಿ

ಹಾಡು ಶುರುವಾದರೆ ಅಡುಗೆಮನೆಯ ತಾಟು, ವಾಟಿಗಳೆಲ್ಲ ನಡುಗುತ್ತವೆ. ನಾನು ರೊಟ್ಟಿ ಬಡಿಯುತ್ತಿದ್ದರೆ ಗೊತ್ತಿಲ್ಲದೆಯೇ ಆ ತಾಳಕ್ಕೆ ಬಡಿಯುತ್ತಿರುತ್ತೇನೆ. ಒಂದು ದಿನ ಅತ್ತೆ ಜೋಳ ಹಸನು ಮಾಡುತ್ತಾ ಕುಳಿತವರು ಕೈ ನಿಲ್ಲಿಸಿ ಕೇಳಿದರು, "ಹತ್ತಿ ಹೊಲ ನಗತೈತೇನಬೇ? ಒಂದ್ ದಿನ ಬಿಡಸಾಕ ಹೋಗಿದ್ರ ಗೊತ್ತಾಗತಿತ್ತು ಅವಗ. ಬಳ್ಳ ಸೀಳಿ ರಕ್ತ ಬರತಾವ. ಇವ ದಂಡಿ ಮ್ಯಾಲ ನಿಂತು ನೋಡ್ಯಾನ, ಹೊಲದಾಗ ಇಳದಿಲ್ಲ."

ಬಳ್ಳು ಅಂದರೆ ನಮ್ಮಲ್ಲಿ ಬೆರಳು. ಅಂದಿನಿಂದ ಆ ಹಾಡು ಕೇಳಿದಾಗಲೆಲ್ಲ ನನಗೆ ಆ ಹುಡುಗಿ ಬಿಟ್ಟುಹೋದದ್ದು ಸರಿಯೇ ಅನ್ನಿಸುತ್ತದೆ. ದಂಡೆಯ ಮೇಲೆ ನಿಂತು ನೋಡುವವನನ್ನು ಕಟ್ಟಿಕೊಂಡು ಏನು ಮಾಡುವುದು?

ನಾನು ಪ್ರಾಥಮಿಕ ಶಾಲೆಯ ಮಾಸ್ತರಿಣಿ. ಮಕ್ಕಳಿಗೆ ಹೋಲಿಕೆ ಕಲಿಸುವುದೂ ನನ್ನ ಕೆಲಸಗಳಲ್ಲಿ ಒಂದು. ಮುಖ ಚಂದ್ರನಂತೆ, ಕಣ್ಣು ಕಮಲದಂತೆ, ನಡಿಗೆ ಹಂಸದಂತೆ ಎಂದು ಫಲಕದ ಮೇಲೆ ಬರೆಯುತ್ತೇನೆ. ಹಂಸವನ್ನು ನಾನೂ ನೋಡಿಲ್ಲ, ಮಕ್ಕಳೂ ನೋಡಿಲ್ಲ, ಆದರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿಬಿಡುತ್ತೇವೆ. ಹಾಡುಗಳದೂ ಅದೇ ಕಥೆ. ಏಪ್ರಿಲ್ ತಿಂಗಳಲ್ಲಿ ಸುರಪುರದ ಬಸ್ಸಿನಲ್ಲಿ ಸೀಟು ಬಿಸಿಲಿಗೆ ಕಾದು ಕೂರಲಾಗದೆ ಅರ್ಧ ಎದ್ದು ಕೂತಿರುತ್ತೇವೆ, ಡ್ರೈವರ್ ಹಚ್ಚಿದ ಸಿನಿಮಾ ಹಾಡಿನಲ್ಲಿ ಮಾತ್ರ ನಾಯಕಿ ಹಿಮದಂತೆ ಕರಗುತ್ತಿರುತ್ತಾಳೆ. ಬೆವರು ಒರೆಸಿಕೊಳ್ಳುತ್ತಲೇ ನಾವೂ ಅವಳ ಜೊತೆ ಒಂದಿಷ್ಟು ಕರಗುತ್ತೇವೆ. ಅದರಲ್ಲೂ ಒಂದು ಸುಖವಿದೆ, ಸುಳ್ಳು ಹೇಳಬಾರದು.

ನಾನು ಬೆಳೆದದ್ದು ಇಲ್ಲೇ ಹತ್ತಿರ, ಭೀಮರಾಯನಗುಡಿಯ ಕಾಲುವೆ ನೌಕರರ ಕ್ಯಾಂಪಿನಲ್ಲಿ. ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡಳು. ನನ್ನನ್ನೂ ತಮ್ಮ ಮಲ್ಲುವನ್ನೂ ಸಾಕಿದವರು ಅವ್ವನ ತಂಗಿ, ನಮ್ಮ ಚಿಗವ್ವ, ಮತ್ತು ಅವಳ ಗಂಡ. ಅವರನ್ನು ನಾವು ಕಾಕಾ ಅನ್ನುತ್ತಿದ್ದೆವು. ಕಾಕಾನದು ಕಾಲುವೆಯ ಮೇಲಿನ ಕೆಲಸ. ಗೇಟು ಏರಿಸುವುದು, ಇಳಿಸುವುದು, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಹೋಯಿತು ಎಂದು ನೋಡಿಕೊಳ್ಳುವುದು. ಹಾಗಾಗಿ ಅವರ ಬಾಯಲ್ಲಿ ಜಗತ್ತೆಲ್ಲ ಕಾಲುವೆಯೇ. ಮಾತು ನಿಲ್ಲಿಸದವನನ್ನು ಕಂಡರೆ "ಇವ ಗೇಟ್ ಏರಿಸಿ ಮನಿಗಿ ಹೋಗ್ಯಾನ" ಅನ್ನುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತನಗೆ ಸಾರು ಉಳಿಯದಿದ್ದರೆ ಚಿಗವ್ವನ ಕಡೆ ನೋಡಿ, "ನಾವು ಟೇಲೆಂಡಿನವರವ್ವ, ನಮ್ಮ ತನಕ ಎಲ್ಲಿ ಬರಬೇಕು" ಅನ್ನುತ್ತಿದ್ದರು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದಿಲ್ಲ ಎಂಬುದು ನಮ್ಮ ಕಡೆ ಕೂಸಿಗೂ ಗೊತ್ತು. ರೇಡಿಯೋದಲ್ಲಿ ನಗು ಹಿಮದಂತೆ ಎಂಬ ಹಾಡು ಬಂದರೆ, "ಹಿಮ ಅಂದ್ರ ಸೋಡಾ ಅಂಗಡಿ ಬರ್ಫ್ ಹೌದಿಲ್ಲೋ? ಅದರ ಮ್ಯಾಲ ಕಟಗಿ ಹೊಟ್ಟ ಹಾಕಿ, ಗೋಣಿಚೀಲ ಹೊಚ್ಚಿರತಾರ. ನಗು ಹಂಗ ಇರಬಾರದು" ಎಂದು ತೀರ್ಪು ಕೊಡುತ್ತಿದ್ದರು.

ಚಿಗವ್ವ ಮಾತ್ರ ಹಾಡುವವಳು. ಕ್ಯಾಂಪಿನ ಯಾವ ಮದುವೆಯಾದರೂ ಬೀಗರ ಪದಕ್ಕೆ ಅವಳೇ ಬೇಕು. ಬೀಗರ ಪದ ಅಂದರೆ ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೆ ಹೇಳಿಬಿಡುತ್ತೇನೆ. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು, ಅದರಲ್ಲೂ ಬೀಗತಿಯನ್ನು, ಹಾಡಿನಲ್ಲೇ ಬೈಯುತ್ತಾರೆ. ಬೀಗನ ಹೊಟ್ಟೆ ಕಾಳು ತುಂಬುವ ಗುಮ್ಮಿಯಂತೆ, ಬೀಗತಿಯ ಮೂಗು ಅಡಿಕೆ ಕುಟ್ಟುವ ಕುಟ್ಟಾಣಿಯಂತೆ, ಇಂಥವು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ. ಆದರೆ ಸುಮ್ಮನೆ ಕೂರುವಂತೆಯೂ ಇಲ್ಲ. ಅವರ ಕಡೆಯಿಂದ ಯಾರಾದರೂ ಎದ್ದು ತಿರುಗಿ ಒಂದು ಪದ ಹಾಕಲೇಬೇಕು. ಪಕ್ಕದ ಮನೆಯವರು ವಾಟಿಯಲ್ಲಿ ಪಲ್ಯ ಕಳಿಸಿದರೆ ನಾವು ಆ ವಾಟಿಯನ್ನು ಬರಿದು ಮಾಡಿ ವಾಪಸು ಕೊಡುವುದಿಲ್ಲವಲ್ಲ, ಒಂದು ಉಂಡಿಯನ್ನೋ ನಾಲ್ಕು ಹಪ್ಪಳವನ್ನೋ ಹಾಕಿ ಕೊಡುತ್ತೇವಲ್ಲ, ಹಾಗೆ. ಆ ಕಡೆಯಿಂದ ಪದ ಬಂದರೆ ಬೈಗುಳ ನಗೆಯಾಗುತ್ತದೆ. ಬರದಿದ್ದರೆ ಅದು ಬೈಗುಳವಾಗಿಯೇ ಉಳಿದುಬಿಡುತ್ತದೆ.

ನನ್ನ ಮದುವೆಯಲ್ಲಿ ಆದದ್ದು ಇದೇ.

ಗಂಡಿನ ಕಡೆಯವರು ವಡಗೇರಾದ ಆಚೆ, ಭೀಮಾ ನದಿಯ ದಂಡೆಯ ಊರಿನವರು. ಮೀನು ಹಿಡಿಯುವುದು, ಸ್ವಲ್ಪ ಹೊಲ. ನನ್ನ ಅತ್ತೆಯ ಗಂಡ ಬೇಗ ತೀರಿಕೊಂಡಿದ್ದರು. ಆಮೇಲೆ ಅತ್ತೆಯೇ ಹರಗೋಲು ನಡೆಸಿ, ಸೇತುವೆ ಆಗುವ ತನಕ ಜನರನ್ನು ಹೊಳೆ ದಾಟಿಸಿ, ಇಬ್ಬರು ಮಕ್ಕಳನ್ನು ಬೆಳೆಸಿದವರು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮದುವೆಯ ದಿನ ನಮ್ಮ ಕಡೆಯವರಿಗೆ ಗೊತ್ತಿದ್ದದ್ದು ಇಷ್ಟೇ: ಬೀಗತಿ ಹೊಳೆದಂಡೆಯವಳು, ಮೈ ತುಂಬಿದವಳು, ಮಾತು ಕಡಿಮೆ.

ಚಿಗವ್ವನಿಗೆ ಅಷ್ಟು ಸಾಕಾಗಿತ್ತು. ನಾವು ಕ್ಯಾಂಪಿನವರಿಗೆ ಹರಗೋಲು ಅಂದರೆ ಒಂದು ತಮಾಷೆಯ ವಸ್ತು. ಬುಟ್ಟಿಯ ಹಾಗೆ ದುಂಡಗೆ, ಮುಂದಿಲ್ಲ, ಹಿಂದಿಲ್ಲ, ಗರಗರ ತಿರುಗುತ್ತದೆ. ನೇರ ಹರಿಯುವ ಕಾಲುವೆ ನೋಡಿ ಬೆಳೆದವರಿಗೆ ಇದಕ್ಕಿಂತ ನಗೆಯ ಪ್ರಾಣಿ ಬೇರೆ ಯಾವುದಿದೆ? ಊಟಕ್ಕೆ ಮೊದಲು ಹಂದರದಲ್ಲಿ ಎಲ್ಲರೂ ಕುಳಿತಿದ್ದಾಗ ಚಿಗವ್ವ ಸೆರಗು ಸಿಗಿಸಿ ಎದ್ದು ನಿಂತು ಹಾಡಿದಳು:

ಹೊಳಿದಂಡಿ ಬೀಗತಿ ಹೆಂಗ ಬಂದಾಳ ನೋಡ್ರೆ
ಹರಗೋಲ ತೇಲುತ ಬಂದಂಗ, ನಮ ಬೀಗತಿ
ತಿರತಿರಗಿ ದಂಡಿ ಮುಟ್ಟಂಗಿಲ್ಲ

ನಮ್ಮ ಕಡೆಯವರು ಹೊಟ್ಟೆ ಹಿಡಿದು ನಕ್ಕರು. ಕಾಕಾ ಹಂದರದ ಗಳಕ್ಕೆ ಆತು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. ತಲೆ ತಗ್ಗಿಸಿ ಕೂತ ಮದುಮಗಳಾದ ನಾನೂ ಬಾಸಿಂಗದ ಕೆಳಗೆ ನಕ್ಕಿದ್ದೇನೆ. ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಪದ ಬರುತ್ತಿರಲಿಲ್ಲ. ಆಗ ಹಿಂದಿನ ಸಾಲಿನಲ್ಲಿ, ಗೋಡೆಗೆ ಆತು ಕುಳಿತಿದ್ದ ಅತ್ತೆ ಎದ್ದರು. ಎದ್ದು ಎರಡು ಹೆಜ್ಜೆ ಮುಂದೆ ಬಂದರು. ಅವರ ಕಡೆಯ ಹಿರಿಯಳೊಬ್ಬಳು ಅವರ ಸೆರಗು ಜಗ್ಗಿ, "ನೀ ಮುಂದ ಬರಬ್ಯಾಡವ್ವ, ಮಂಗಳ ಕಾರ್ಯ ಐತಿ" ಅಂದಳು. ಅತ್ತೆ ಅಲ್ಲೇ ನಿಂತರು, ಕೂರಲಿಲ್ಲ. ಬಾಯಿ ತೆರೆದಿದ್ದರು ಎಂದು ನೋಡಿದವರು ಹೇಳುತ್ತಾರೆ. ಅಷ್ಟರಲ್ಲಿ ನಮ್ಮವರ ಗೆಳೆಯರು ಟ್ರ್ಯಾಕ್ಟರಿನ ಮೇಲಿನ ಬಾಕ್ಸು ಹಚ್ಚಿದರು. ಮದುಮಗನಿಗೆ ಆಗಲೇ ಈ ಬಾಕ್ಸುಗಳ ಹುಚ್ಚು. ತನ್ನ ಮದುವೆಗೆಂದೇ ಎರಡು ದೊಡ್ಡವನ್ನು ತಾನೇ ಕೂರಿಸಿಕೊಂಡು ಬಂದಿದ್ದರು. ಅದರಲ್ಲಿ ಯಾವನೋ ತನ್ನ ಹುಡುಗಿಯನ್ನು ಚಂದ್ರ ಅಂದ, ಚುಕ್ಕಿ ಅಂದ, ಮಲ್ಲಿಗೆ ಮೊಗ್ಗು ಅಂದ. ಹಂದರವೆಲ್ಲ ಅದುರಿತು. ಅತ್ತೆ ನಿಧಾನ ಹಿಂದೆ ಸರಿದು ಗೋಡೆಗೆ ಆತು ಕುಳಿತರು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹಣೆಬರಹ. ಅತ್ತೆ ಮತ್ತು ಚಿಗವ್ವ ಒಬ್ಬರಿಗೊಬ್ಬರು ನೇರ ಮಾತಾಡುವುದು ನಿಂತಿತು. ಜಗಳವಿಲ್ಲ, ಮುನಿಸು ಎಂದು ಇಬ್ಬರೂ ಒಪ್ಪುವುದಿಲ್ಲ. ಹಬ್ಬಕ್ಕೆ ಅವರ ಮನೆಗೆ ಇವರು ಹೋಗುತ್ತಾರೆ, ಇವರ ಮನೆಗೆ ಅವರು ಬರುತ್ತಾರೆ. ಒಂದೇ ಚಾಪೆಯ ಮೇಲೆ ಕೂರುತ್ತಾರೆ. ಆದರೆ ಎಲ್ಲ ಮಾತೂ ನನ್ನ ಮೂಲಕ.

"ನಿಮ್ಮ ಚಿಗವ್ವಗ ಕೇಳು, ಚಾ ಕುಡಿತಾಳೇನ."

ಚಿಗವ್ವ ಎದುರಿಗೇ ಇದ್ದಾಳೆ, ಕಿವಿ ನೆಟ್ಟಗಿದೆ. ಆದರೂ ನಾನು ತಿರುಗಿ, "ಚಿಗವ್ವ, ಚಾ ಕುಡಿತೀಯೇನ?" ಅನ್ನಬೇಕು.

"ನಿಮ್ಮ ಅತ್ತಿಗಿ ಹೇಳು, ಸಕ್ರಿ ಕಮ್ಮಿ ಇರ್ಲಿ ಅಂತ."

ನಾನು ಮತ್ತೆ ಈ ಕಡೆ ತಿರುಗಬೇಕು. ಗೇಟಿನ ಕೆಲಸ ಕಾಕಾನದಾದರೂ ಏರಿಸಿ ಇಳಿಸಿ ಕತ್ತು ನೋವು ಬಂದದ್ದು ನನಗೆ. ನನ್ನ ಮಗಳು ಹುಟ್ಟಿ, ಮಾತು ಕಲಿತು, ಶಾಲೆ ಮುಗಿಸಿ ಕಾಲೇಜಿಗೆ ಹೋಗುವ ತನಕವೂ ಇದೇ ನಡೆಯಿತು. ಅತ್ತೆಗೆ ಆ ಹೋಲಿಕೆ ಚುಚ್ಚಿದೆ ಎಂದೇ ನಾನು ತಿಳಿದಿದ್ದೆ. ದಪ್ಪ ಅಂದದ್ದಕ್ಕೆ ಯಾವ ಹೆಂಗಸು ಸುಮ್ಮನಿರುತ್ತಾಳೆ, ನೀವೇ ಹೇಳಿ.

ನಮ್ಮವರಿಗೆ ಒಮ್ಮೆ ಹೇಳಿದೆ, "ನಿಮ್ಮ ಬಾಕ್ಸಿನಿಂದನೇ ಇದೆಲ್ಲಾ ಆಗಿದ್ದು ನೋಡ್ರಿ." ಅವರು ಸ್ಕ್ರೂ ತಿರುಗಿಸುತ್ತಲೇ, "ಬಾಕ್ಸ್ ಚಲೋ ಇತ್ತು" ಅಂದರು. ಅವರಿಗೆ ಹಾಡು ಅಂದರೆ ಶಬ್ದ, ಶಬ್ದ ಅಂದರೆ ವೈರು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಏನೋ ಹುರುಪು ಬಂದು, "ನೀ ನನಗ ಹೆಂಗ ಅಂದ್ರ..." ಎಂದು ಶುರುಮಾಡಿ ನಿಂತುಬಿಟ್ಟಿದ್ದರು. ನಾನು ಚಂದ್ರನೋ ಚುಕ್ಕಿಯೋ ಬರುತ್ತದೆಂದು ಕಾದೆ. ತುಂಬ ಹೊತ್ತಿನ ಮೇಲೆ, "ಗ್ಯಾಸಿನ ಸಿಲಿಂಡರ್ ಇದ್ದಂಗ. ಇದ್ದಾಗ ಲಕ್ಷ್ಯ ಇರಂಗಿಲ್ಲ, ಇಲ್ಲಂದ್ರ ಮನಿ ನಡ್ಯಂಗಿಲ್ಲ" ಅಂದರು. ಆವತ್ತು ಅಳು ಬಂದಿತ್ತು. ಈಗ ಯೋಚಿಸಿದರೆ ನನ್ನ ಬಗ್ಗೆ ಯಾರೂ ಅಷ್ಟು ಖರೆ ಮಾತು ಹೇಳಿಲ್ಲ.

ಕಾಕಾ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡರು. ಬೆಳಿಗ್ಗೆ ಚಹಾ ಕುಡಿದು, ನೀರಿನ ಮಾತೇ ಆಡುತ್ತಾ ಒರಗಿದವರು ಏಳಲಿಲ್ಲ. ಚಿಗವ್ವ ಅಂದಿನಿಂದ ಹಾಡುವುದನ್ನು ಬಿಟ್ಟಳು. ಬೇರೆಯವರ ಮದುವೆಗೆ ಹೋದರೆ ಮುಂದಿನ ಸಾಲಿನಲ್ಲಿ ಕೂರುವವಳು ಈಗ ಯಾರೂ ಹೇಳದೆಯೇ ಹಿಂದೆ ಗೋಡೆಯ ಹತ್ತಿರ ಕೂರುತ್ತಾಳೆ. "ಒಂದ್ ಪದ ಹಾಕವ್ವ" ಅಂದರೆ, "ಬಾಕ್ಸಿನ್ಯಾಗ ಬರತಾವಲ್ಲ, ಅವನ್ನ ಕೇಳ್ರಿ" ಅನ್ನುತ್ತಾಳೆ. ನನ್ನನ್ನು ಬೆಳೆಸಿದ ದನಿ ಅದು. ಅದು ಹಾಗೆ ಮೂಲೆಯಲ್ಲಿ ಕೂತದ್ದನ್ನು ನೋಡುವಾಗ ನನಗಾಗುವ ಸಂಕಟವನ್ನು ಯಾವ ಹೋಲಿಕೆ ಕೊಟ್ಟು ಹೇಳಲಿ, ಮಾಸ್ತರಿಣಿಯಾದರೂ ಬರುವುದಿಲ್ಲ.

ಹೋದ ಅಮಾವಾಸ್ಯೆಗೆ ಅಂಗಡಿಗೆ ರಜೆ. ಬಾಕ್ಸುಗಳು ಸುಮ್ಮನಿದ್ದವು. ಮನೆಯಲ್ಲಿ ಅಷ್ಟು ಸದ್ದಿಲ್ಲದ ಮಧ್ಯಾಹ್ನ ಅಪರೂಪ. ಅತ್ತೆ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದರು. ಕೇರುತ್ತಾ ಏನೋ ಗುನುಗುತ್ತಿದ್ದರು. ಧಾಟಿ ನನಗೆ ಗೊತ್ತಿದ್ದದ್ದು. ಅದು ನನ್ನ ಚಿಗವ್ವನ ಧಾಟಿ, ನನ್ನ ಮದುವೆಯ ಪದದ್ದು. ಮಾತು ಮಾತ್ರ ಬೇರೆ:

ತಿರಗಿದ್ರ ತಿರಗಲೆವ್ವ ನಮ ಹರಗೋಲ
ನಡುಹೊಳಿಗಿ ಬಿಟ್ಟಿಲ್ಲ ಒಬ್ಬರ್ನ, ಕ್ಯಾಂಪಿನ ಬೀಗತಿ

ಅಲ್ಲಿಗೆ ನಿಂತರು. ಮತ್ತೆ ಮೊದಲಿನಿಂದ ಹೇಳಿ ಮತ್ತೆ ಅಲ್ಲಿಗೇ ನಿಂತರು. ನಾನು ಒಳಗಿನಿಂದ ಬಂದು ಎದುರಿಗೆ ಕುಳಿತೆ.

"ಅತ್ತಿ, ಇದ್ಯಾವಾಗ ಕಟ್ಟಿದ್ರಿ?"

"ಅವತ್ತ. ನಿನ್ನ ಮದಿವ್ಯಾಗ. ಎದ್ದು ಬರೂದ್ರಾಗ ಎರಡ ಸಾಲ ಬಂದಿದ್ವು. ಮೂರನೇದು ಬಾಯಿಗಿ ಬರೂದ್ರಾಗ ಇವನ ಬಾಕ್ಸ್ ಬಡಕೋಳಾಕತ್ತು. ಅದು ಹೋತು ನೋಡು, ಇವತ್ತಿನ ತನಕ ಸಿಕ್ಕಿಲ್ಲ."

"ಹಂಗಾದ್ರ ನಿಮಗ ಚಿಗವ್ವನ ಮ್ಯಾಲ ಸಿಟ್ಟಿಲ್ಲೇನ್ರಿ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಯಾತರ ಸಿಟ್ಟ? ಹರಗೋಲ ಅಂದ್ಲು. ನಾ ಹರಗೋಲ ಹೌದು. ಅದರಾಗ ಬ್ಯಾಸರ ಏನೈತಿ? ದಂಡಿ ಮುಟ್ಟಂಗಿಲ್ಲ ಅಂದ್ಲಲ್ಲ, ಅದಕ್ಕ ನಾ ಒಂದ್ ಮಾತ ಹೇಳಬೇಕಿತ್ತು. ಅದನ್ನ ಹೇಳದ ಅಕಿ ಜೋಡಿ ಚಾ ಕುಡಿ, ಉಪ್ಪ ಕೊಡು ಅಂತ ಎಂಥಾ ಮಾತಾಡೂದು? ಮದಲ ಪದ, ಆಮ್ಯಾಲ ಮಾತು."

ಇಷ್ಟು ವರ್ಷ ಸಿಟ್ಟು ಎಂದು ನಾನು ಹೊತ್ತು ತಿರುಗಿದ್ದು ಸಿಟ್ಟೇ ಆಗಿರಲಿಲ್ಲ. ಅದೊಂದು ಮುಗಿಯದ ತ್ರಿಪದಿಯಾಗಿತ್ತು. ಖುಷಿಯೂ ಆಯಿತು, ಒಂದು ಬಗೆಯ ಹೆದರಿಕೆಯೂ ಆಯಿತು. ಅತ್ತೆಯ ಮೊಣಕಾಲು ಹಿಡಿದುಕೊಂಡಿವೆ, ಚಿಗವ್ವ ಕಾಕಾನ ಹಿಂದೆಯೇ ಸೊರಗುತ್ತಿದ್ದಾಳೆ. ಈ ಒಂದು ಸಾಲು ಸಿಗುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರು ಹೋಗಿಬಿಟ್ಟರೆ? ಆಮೇಲೆ ಇನ್ನೊಬ್ಬರು ಯಾರಿಗೆ ಹಾಡುತ್ತಾರೆ?

ಹಾಗೆಂದು ನಾನೇ ಮೂರನೆಯ ಸಾಲು ಕಟ್ಟಲು ಹೊರಟೆ. ಪಾಠ ಹೇಳುವವಳಲ್ಲವೇ, ಒಂದು ಸಾಲು ಎಷ್ಟರದ್ದು? 'ಮುತ್ತಿನಂಥ ಮಾತು ಕಲಿ ನೀ' ಅಂದೆ. ಅತ್ತೆ ಜೋಳದಲ್ಲಿನ ಹಳ್ಳು ಆರಿಸಿ ಎಸೆದ ಹಾಗೆಯೇ ಅದನ್ನೂ ಎಸೆದರು. "ಮುತ್ತು ಯಾರ ಮನ್ಯಾಗೈತಿ? ನಮ್ಮಲ್ಲೂ ಇಲ್ಲ, ಅಕಿ ಹಂತ್ಯಾಕೂ ಇಲ್ಲ." 'ಚಂದ್ರಗ ಬೊಗಳಿದರೇನು' ಅಂದೆ. "ನಾಯಿ ಅಂತೀಯೇನ ನಿಮ್ಮ ಚಿಗವ್ವಗ? ಛೀ." ಇನ್ನೊಂದೆರಡು ಹೇಳಿದೆ. ಕೊನೆಗೆ, "ಅಕಿ ನನ್ನ ಮನ್ಯಾಗಿಂದು ತಗೊಂಡು ನನಗ ಹೊಡದಾಳ. ನಾನೂ ಅಕಿ ಮನ್ಯಾಗಿಂದ ತಗೀಬೇಕು. ಪ್ಯಾಟ್ಯಾಗಿಂದ ತಂದು ಹೊಡದ್ರ ತಾಗಂಗಿಲ್ಲ" ಅಂದರು.

ಶಹಾಪುರಕ್ಕೆ ಬಂದವರಿಗೆ ನಾವೆಲ್ಲ ಮೊದಲು ತೋರಿಸುವುದು ಊರ ಬೆಟ್ಟವನ್ನು. ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಅತ್ತೆ ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ದಿನ ನಾನೂ ಕೈ ಮಾಡಿ ತೋರಿಸಿದ್ದೆ. "ಅಲ್ಲಿ ನೋಡ್ರಿ ಅತ್ತಿ, ಅದು ತೆಲಿ, ಅದು ಎದಿ." ಅವರು ಕಣ್ಣ ಮೇಲೆ ಕೈ ಇಟ್ಟು ನೋಡಿ, "ಹೌದವ್ವ, ಮಲಗ್ಯಾನ" ಅಂದಿದ್ದರು. ಆಮೇಲೆ, "ಆ ಕಡೀಗಿ ಹರಗೋಲ ಬೋರಲ ಹಾಕ್ಯಾರ" ಅಂದಿದ್ದರು. ನೋಡಿದರೆ ಹೌದು, ಪಕ್ಕದ ಗುಡ್ಡ ಬೋರಲು ಹಾಕಿದ ಹರಗೋಲೇ. ಹುಟ್ಟಿದಾಗಿನಿಂದ ನೋಡಿದ ಬೆಟ್ಟದಲ್ಲಿ ನನಗದು ಕಂಡಿರಲಿಲ್ಲ. ಈಗ ಶಾಲೆಗೆ ಹೋಗುವಾಗ ದಿನವೂ ಕಾಣುತ್ತದೆ.

ಇದಾದ ಮೇಲೆ ಮಲ್ಲುವಿಗೆ ಎರಡನೆಯ ಕೂಸು ಹುಟ್ಟಿತು. ಹೆಣ್ಣು. ಎರಡನೆಯದಾದ್ದರಿಂದ ತೊಟ್ಟಿಲ ಕಾರ್ಯ ಕ್ಯಾಂಪಿನ ನಮ್ಮ ತವರಿನಲ್ಲೇ ಇಟ್ಟುಕೊಂಡರು. ನಾನು ಸೋದರತ್ತೆ. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ನಾನೇ, ಹೇಳುವಾಗ ಸುತ್ತಲಿನ ಹೆಂಗಸರ ಕೈಯಿಂದ ಬೆನ್ನಿಗೆ ಗುದ್ದು ತಿನ್ನುವವಳೂ ನಾನೇ. ಅತ್ತೆ, ನಮ್ಮವರು, ನಾನು ಮೂವರೂ ಟಂಟಂನಲ್ಲಿ ಹೋದೆವು. ಟಂಟಂ ಅಂದರೆ ಮೂರು ಗಾಲಿಯ ಗಾಡಿ. ಹಿಂದಿನ ಸೀಟಿನ ಅರ್ಧ ಜಾಗ ಬಾಕ್ಸಿನದು. ಮಾವನ ಮನೆಯ ಕಾರ್ಯಕ್ಕೆ ಅಳಿಯ ಬರಿಗೈಲಿ ಹೋಗುವುದೇ?

ಹೆಂಗಸರು ತೊಟ್ಟಿಲ ಸುತ್ತ ಕುಳಿತರು. ಹಿಂದೆ ಗೋಡೆಗೆ ಆತು ಚಿಗವ್ವ ಕುಳಿತಿದ್ದಳು. ಅತ್ತೆ ಒಳಗೆ ಬಂದು ಒಮ್ಮೆ ಸುತ್ತ ನೋಡಿ, ಹೋಗಿ ಅದೇ ಗೋಡೆಗೆ, ಚಿಗವ್ವನ ಪಕ್ಕಕ್ಕೆ ಕುಳಿತರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ. ನನ್ನದೇ ಜಾಗ ಅದು, ಆದರೆ ನಾನು ತೊಟ್ಟಿಲ ಹತ್ತಿರ ಸಿಕ್ಕಿಕೊಂಡಿದ್ದೆ. ಬಾಕ್ಸಿನಲ್ಲಿ ಯಾವುದೋ ಸಿನಿಮಾದ ಜೋಗುಳ ಹಚ್ಚಿದ್ದರು. ಅದರ ತಾಯಿ ಕೂಸಿಗೆ ಬೆಳದಿಂಗಳು, ಜೇನು, ಕಾಮನಬಿಲ್ಲು ಎಂದೆಲ್ಲ ಹೇಳುತ್ತಿದ್ದಳು. ಕೂಸು ಆ ಸದ್ದಿಗೆ ಬೆಚ್ಚಿ ಚೀರುತ್ತಿತ್ತು.

ಕೂಸನ್ನು ತೊಟ್ಟಿಲ ಕೆಳಗಿನಿಂದ ಮೇಲೆ ದಾಟಿಸಿ, ಹೆಸರು ಹೇಳಿ, ನಾನು ಗುದ್ದು ತಿಂದು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬಾಕ್ಸು ನಿಂತಿತು. ಕೂಸೂ ಸುಮ್ಮನಾಯಿತು. ತೊಟ್ಟಿಲು ತೂಗಬೇಕು, ತೂಗಲು ಹಾಡಿಲ್ಲ.

"ಯಾರರ ಒಂದ್ ಪದ ಹಾಡ್ರೆವ್ವ," ಅಂದರು ಯಾರೋ.

ಎಲ್ಲರ ಕತ್ತೂ ಹಿಂದಕ್ಕೆ, ಚಿಗವ್ವನ ಕಡೆ ತಿರುಗಿತು. ಅವಳು ತಲೆ ಅಲ್ಲಾಡಿಸಿದಳು. "ನಾ ಬಿಟ್ಟೀನವ್ವ. ಕೊಳ್ಳ ಹೋಗೈತಿ" ಅಂದು ಸೆರಗಿನ ಅಂಚನ್ನು ಸುತ್ತತೊಡಗಿದಳು. ಕೊರಳು ಹೋಗಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮಲ್ಲುವಿನ ಹೆಂಡತಿ ಮೊಬೈಲ್ ತೆಗೆದಳು. "ಇದರಾಗ ಹಚ್ಚಲೇನ್ರಿ?" ನಮ್ಮವರು ಹೊರಗಿನಿಂದ, "ತಡೀರಿ, ಗಾಡಿ ಬ್ಯಾಟರಿ ಬಿಚ್ಚಿ ತರ್ತೀನಿ, ಎರಡ ಮಿನಿಟ್" ಎಂದು ಕೂಗಿದರು.

ಆಗ ಅತ್ತೆ ಹಾಡಿದರು. ಏಳಲಿಲ್ಲ, ಮುಂದೆ ಬರಲಿಲ್ಲ, ಕೂತಲ್ಲೇ ತೊಟ್ಟಿಲಿನ ಕಡೆ ನೋಡುತ್ತಾ ಶುರುಮಾಡಿದರು. ದನಿ ಒಡಕಲು, ಆದರೆ ಹೊಳೆಯ ಆ ದಂಡೆಯಲ್ಲಿ ನಿಂತವರಿಗೆ ಕೂಗಿ ಅಭ್ಯಾಸವಾದ ದನಿ ಅದು. ಮನೆಯ ಮೂಲೆಮೂಲೆಗೂ ಕೇಳಿತು:

ತಿರಗಿದ್ರ ತಿರಗಲೆವ್ವ ನಮ ಹರಗೋಲ
ನಡುಹೊಳಿಗಿ ಬಿಟ್ಟಿಲ್ಲ ಒಬ್ಬರ್ನ, ಕ್ಯಾಂಪಿನ ಬೀಗತಿ

ಮುಂದೆ ಏನೂ ಇಲ್ಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಎರಡು ಸಾಲು ಹಾಡಿ ನಿಂತುಬಿಟ್ಟರೆ ಇಷ್ಟು ಜನರ ಮುಂದೆ ಮತ್ತೆ ಅದೇ ಆಗುತ್ತದೆ. ಅತ್ತೆ ಹಾಡು ನಿಲ್ಲಿಸಿದರು. ನಿಲ್ಲಿಸಿ ಮೊದಲ ಸಲ ಪಕ್ಕಕ್ಕೆ ತಿರುಗಿ, ಸೆರಗು ಸುತ್ತುತ್ತಿದ್ದ ಚಿಗವ್ವನನ್ನು ನೋಡಿದರು. ನೋಡುತ್ತಲೇ ಹಾಡಿದರು:

ಕಾಲಿವಿ ನೀರ ನೀ, ಗೇಟ್ ಹಾಕಿದ್ರ ನಿಂತಿ

ಗೇಟು ಯಾರದೆಂದು ಎಲ್ಲರಿಗೂ ಗೊತ್ತು. ಗೇಟು ಏರಿಸಿ ಇಳಿಸುತ್ತಿದ್ದ ಕಾಕಾನ ಫೋಟೋ ಅದೇ ಗೋಡೆಯ ಮೇಲೆ, ಅವರಿಬ್ಬರ ತಲೆಯ ಮೇಲೆಯೇ ಇತ್ತು. ಅಯ್ಯೋ ಅತ್ತಿ, ಇದೇನು ಅಂದಿರಿ ಎಂದು ನಾನು ಒಳಗೊಳಗೇ ಚೀರಿದೆ. ಮಲ್ಲುವಿನ ಹೆಂಡತಿ ನನ್ನ ಕೈ ಹಿಡಿದುಕೊಂಡಳು.

ಚಿಗವ್ವ ತಲೆ ಎತ್ತಿದಳು. ಕಣ್ಣು ತುಂಬಿದ್ದವು. ಆದರೆ ತುಟಿಯ ಒಂದು ಕೊನೆ ಮೇಲಕ್ಕೆ ಹೋಗಿತ್ತು. ಆ ತುಟಿಯನ್ನು ನಾನು ಬಲ್ಲೆ. ಪದ ಕಟ್ಟುವಾಗ ಅದು ಹಾಗೇ ಹೋಗುತ್ತಿತ್ತು. ಸೆರಗು ಬಿಟ್ಟಳು. ಗಂಟಲು ಸರಿ ಮಾಡಿಕೊಂಡು, ಮೊದಲು ಅರ್ಧ ಮಾತಿನ ಹಾಗೆ, ಆಮೇಲೆ ಹಾಡಿನ ಹಾಗೆ ಎತ್ತಿಕೊಂಡಳು:

ಗೇಟಿನವ ಹ್ವಾದ ಮ್ಯಾಲ ನೀರಿಗಿ ದಾರಿಲ್ಲ...

ಅಷ್ಟರಲ್ಲಿ ಹೊರಗೆ ನಮ್ಮವರು ಬ್ಯಾಟರಿಗೆ ವೈರು ಕೂಡಿಸಿದರು. ಬಾಕ್ಸು ಗುಡುಗಿತು. ಹತ್ತಿ ಹೊಲದಂಗ ನಗತಿದ್ದೆಲ್ಲ ಗೆಳತಿ ಎಂದು ಆ ಹುಡುಗ ಇಡೀ ಕ್ಯಾಂಪಿಗೆ ಕೇಳುವಂತೆ ಅರಚಿದ. ಕೂಸು ಕಿಟಾರನೆ ಚೀರಿತು.

ಹಿಡಿದುಕೊಂಡ ಮೊಣಕಾಲಿನ ನನ್ನ ಅತ್ತೆ ಗೋಡೆಗೆ ಕೈ ಕೊಟ್ಟು ಎದ್ದು ನಿಂತರು. ತೊಟ್ಟಿಲನ್ನೂ ಮುತ್ತೈದೆಯರನ್ನೂ ದಾಟಿ, ಮಂಗಳ ಕಾರ್ಯದ ನಟ್ಟನಡುವೆ ಹಾಯ್ದು, ಬಾಗಿಲಿಗೆ ಬಂದು ಮಗನ ಮೇಲೆ ಕೂಗಿದರು, "ಬಂದ್ ಮಾಡಲೇ ಅದನ್ನ! ಬೀಗತಿ ಹಾಡಾಕತ್ತಾಳ!"

ನಮ್ಮವರು ಹೆದರಿ ವೈರನ್ನೇ ಕಿತ್ತರು. ಅತ್ತೆ ಬಂದ ದಾರಿಯಲ್ಲೇ ತಿರುಗಿ ಹೋಗಿ ಕುಳಿತರು, ಈ ಸಲ ನಡುವೆ ಜಾಗ ಬಿಡದೆ. ಯಾರೂ ಅವರ ಸೆರಗು ಜಗ್ಗಲಿಲ್ಲ. ಚಿಗವ್ವ ಮೊದಲಿನಿಂದ ಹಾಡಿದಳು:

ಗೇಟಿನವ ಹ್ವಾದ ಮ್ಯಾಲ ನೀರಿಗಿ ದಾರಿಲ್ಲ
ಹೊಳಿಯಾಕಿ ಬಂದು ಕರದಾಳ, ನಮ ಬೀಗತಿ

ಅಲ್ಲಿಗೆ ನಿಂತಳು. ಇನ್ನೊಮ್ಮೆ ಅಂದಳು, ಮತ್ತೆ ಅಲ್ಲಿಗೇ ನಿಂತಳು. ಮೂರನೆಯ ಸಾಲು ಬರಲಿಲ್ಲ. ಎರಡು ವರ್ಷ ಹಾಡದ ಬಾಯಿ, ಎಲ್ಲಿಂದ ಬರಬೇಕು? ಅವಳು ಕಣ್ಣೊರೆಸಿಕೊಂಡು, ನಾಚಿ, ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ, "ನಿಮ್ಮ ಅತ್ತಿಗಿ ಹೇಳು..." ಎಂದು ಬಾಯಿ ತೆರೆದಳು.

ಅತ್ತೆ ಅವಳ ಮೊಣಕಾಲ ಮೇಲೆ ಕೈ ಇಟ್ಟು ಅಂದರು, "ಅಕಿಗ್ಯಾಕ ಹೇಳತಿ, ನನಗ ಹೇಳು. ಅವಸರ ಮಾಡಬ್ಯಾಡ ಬೀಗತಿ. ನಾ ಒಂದ್ ಸಾಲಿಗಿ ಎಷ್ಟ ವರ್ಷ ತಗೊಂಡೀನಿ. ನೀ ಹುಡಿಕ್ಯೋ, ನಾ ಇಲ್ಲೇ ಕುಂತೀನಿ."